ಕಿಕ್ಕರೇ ಗೇರು, ಗೇರೇ ಕಿಕ್ಕರು!

ಸಂಜೆ ಬೀದಿಯ ತುದಿಯಲ್ಲಿ ‘ಡಬ್ ಡಬ್ ಡಬ್’ ಎಂಬ ಸದ್ದು ಕೇಳಿದರೆ ಸಾಕು, ಅಡುಗೆಮನೆಯಲ್ಲಿ ಕಾಫಿಗೆ ನೀರು ಏರುತ್ತಿತ್ತು. ಬಂದವರು ಯಜಮಾನರೇ ಎಂದು ಇಣುಕಿ ನೋಡಬೇಕಾಗಿರಲಿಲ್ಲ. ಒಂದು ಕಾಲಕ್ಕೆ ನಮ್ಮ ಊರುಗಳಲ್ಲಿ ಜಾವಾ ಮೋಟಾರ್ ಸೈಕಲ್ಲಿನ ಗತ್ತು ಅದು.

ಜಾವಾ ಹುಟ್ಟಿದ್ದು 1929ರಲ್ಲಿ, ಜೆಕೊಸ್ಲೊವಾಕಿಯಾದಲ್ಲಿ. ಜಾನೆಚೆಕ್ ಎಂಬ ಉದ್ಯಮಿಯ ಹೆಸರಿನಿಂದ ‘ಜಾ’, ಜರ್ಮನಿಯ ವಾಂಡರರ್ ಕಂಪನಿಯ ಹೆಸರಿನಿಂದ ‘ವಾ’ ಸೇರಿ ಆದ ಹೆಸರು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇದರ ತಯಾರಿಕೆ ಆರಂಭವಾಯಿತು. 1973ರಿಂದ ‘ಯೆಜ್ಡಿ’ ಎಂಬ ಹೆಸರಿನಲ್ಲಿ ಮುಂದುವರಿದು, 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಆದರೆ ಅಲ್ಲಿ ತಯಾರಾದ ಬೈಕುಗಳು ಇಂದಿಗೂ ಕೆಲವು ಮನೆಗಳ ಅಂಗಳದಲ್ಲಿವೆ.

ಹೊಸಬರು ಈ ಬೈಕ್ ಹತ್ತಿದರೆ ಮೊದಲು ಹುಡುಕುವುದು ಕಿಕ್ಕರನ್ನು. ಅದು ಕಾಣುವುದೇ ಇಲ್ಲ! ಎಡಗಾಲ ಬಳಿಯ ಗೇರ್ ಲಿವರನ್ನೇ ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಎಂಜಿನ್ ಚಾಲೂ ಆದ ಮೇಲೆ ಮತ್ತೆ ಗೇರು. ಗೆಳೆಯನ ಬೈಕ್ ಎರವಲು ಪಡೆದವರು ಇದು ತಿಳಿಯದೆ ಬೆವರಿದ್ದುಂಟು.

ಇನ್ನುಳಿದ ವಿಚಿತ್ರಗಳಿಗೆಲ್ಲ ಕಾರಣ ಇದರ ಟೂ ಸ್ಟ್ರೋಕ್ ಎಂಜಿನ್. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಇಂಧನ ಉರಿಯುತ್ತದೆ. ಇಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ವಾಲ್ವ್‌ಗಳಿಲ್ಲ, ಪಿಸ್ಟನ್ ಮೇಲೆ ಕೆಳಗೆ ಆಡುತ್ತಲೇ ಸಿಲಿಂಡರಿನ ಕಿಂಡಿಗಳನ್ನು ತೆರೆದು ಮುಚ್ಚುತ್ತದೆ. ಪೆಟ್ರೋಲ್ ಕ್ರ್ಯಾಂಕ್ ಕೋಣೆಯ ಮೂಲಕವೇ ಹಾದುಹೋಗುವುದರಿಂದ ಅಲ್ಲಿ ಎಣ್ಣೆ ತುಂಬಿಡುವಂತಿಲ್ಲ. ಹಾಗಾಗಿ ಪೆಟ್ರೋಲಿಗೇ ಎಣ್ಣೆ ಬೆರೆಸಬೇಕು, ಲೀಟರಿಗೆ ಮೂವತ್ತು ನಲವತ್ತು ಮಿಲಿ ಲೀಟರಿನಂತೆ. ಹೆಚ್ಚಾದರೆ ಹೊಗೆ, ಕಡಿಮೆಯಾದರೆ ಪಿಸ್ಟನ್ ಜಾಮ್!

ಚಾರ್ಮಾಡಿ ಘಾಟಿ ಇಳಿಯುವಾಗಲೂ ಇದೇ ಎಚ್ಚರ. ಥ್ರಾಟಲ್ ಮುಚ್ಚಿ ಎಂಜಿನ್ನಿನ ಹಿಡಿತದಲ್ಲೇ ಬಹು ದೂರ ಇಳಿದರೆ ಪೆಟ್ರೋಲಿನೊಂದಿಗೆ ಎಣ್ಣೆಯ ಸರಬರಾಜೂ ಕುಗ್ಗುತ್ತದೆ. ಅನುಭವಿಗಳು ನಡುನಡುವೆ ಥ್ರಾಟಲ್ ತಿರುವಿ ಎಂಜಿನ್ನಿಗೆ ‘ಗುಟುಕು’ ಕೊಡುತ್ತಾರೆ. ಕಿಡಿ ಹಾರುವ ಸಮಯ ತಪ್ಪಿತೆಂದರೆ ಇಂಥ ಎಂಜಿನ್ ಒಮ್ಮೊಮ್ಮೆ ಹಿಮ್ಮುಖವಾಗಿಯೇ ತಿರುಗತೊಡಗುತ್ತದೆ. ಆಗ ಗೇರ್ ಹಾಕಿದರೆ ಗಾಡಿ ಹಿಂದಕ್ಕೆ ಓಡುತ್ತದೆ!

ಈ ಸರಳತೆಗೆ ಬೆಲೆಯೂ ಇದೆ. ಹೊಸ ಇಂಧನ ಒಳಬರುವಾಗಲೇ ಹೊಗೆ ಹೊರಹೋಗುವ ಕಿಂಡಿಯೂ ತೆರೆದಿರುವುದರಿಂದ ಉರಿಯದ ಪೆಟ್ರೋಲಿನ ಒಂದು ಪಾಲು ಗಾಳಿಗೆ ಸೇರುತ್ತದೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100ನಂಥ ಮಿತವ್ಯಯದ ಫೋರ್ ಸ್ಟ್ರೋಕ್ ಬೈಕುಗಳು ಜನರ ಜೇಬಿಗೆ ಒಗ್ಗಿದವು. 1996 ಮತ್ತು 2000ದಲ್ಲಿ ಹೊಗೆಯ ಮಿತಿಯೂ ಬಿಗಿಯಾಯಿತು. 2018ರಲ್ಲಿ ಜಾವಾ ಹೆಸರು ಮರಳಿ ಬಂದಾಗ ಅದರೊಳಗಿದ್ದುದೂ ಫೋರ್ ಸ್ಟ್ರೋಕ್ ಎಂಜಿನ್ನೇ. ಹಳೆಯ ಡಬ್ ಡಬ್ ಸದ್ದಿನ ಮೇಲೆ ಎಷ್ಟೇ ಮೋಹವಿದ್ದರೂ, ರಸ್ತೆ ಬದಿಯ ಮಗುವಿನ ಉಸಿರಿನ ಮುಂದೆ ಅದು ದೊಡ್ಡದಲ್ಲ ಎಂಬುದನ್ನು ಒಪ್ಪಲೇಬೇಕು.

ಹಾಗಾದರೆ ಅಪ್ಪನ ಹಳೆಯ ಜಾವಾ ಗುಜರಿಗೆ ಹೋಗಬೇಕೇ? ಬೇಕಿಲ್ಲ. ದಿನಾ ಕಾಲೇಜಿಗೆ ಓಡಿಸಲು ಅದು ತಕ್ಕ ವಾಹನವಲ್ಲ, ನಿಜ. ಓಡಿಸುವುದಾದರೆ ಹದಿನೆಂಟು ತುಂಬಿರಬೇಕು, ಲೈಸೆನ್ಸು, ಹೆಲ್ಮೆಟ್ಟು, ಹೊಗೆ ತಪಾಸಣೆ, ಹದಿನೈದು ವರ್ಷ ದಾಟಿದ ಗಾಡಿಗೆ ನೋಂದಣಿ ನವೀಕರಣ, ಎಲ್ಲವೂ ಬೇಕು. ಆದರೆ ಕಲಿಯಲು ಅದಕ್ಕಿಂತ ಒಳ್ಳೆಯ ಯಂತ್ರ ಸಿಗುವುದು ಕಷ್ಟ. ಇಂದಿನ ಬೈಕುಗಳು ತಮ್ಮ ಕಾಯಿಲೆಯನ್ನು ಕಂಪ್ಯೂಟರಿಗಷ್ಟೇ ಹೇಳುತ್ತವೆ. ಜಾವಾ ಎಲ್ಲವನ್ನೂ ಸದ್ದಿನಲ್ಲಿ, ಹೊಗೆಯಲ್ಲಿ ಸವಾರನಿಗೇ ಹೇಳುತ್ತದೆ.

ಒಂದು ಭಾನುವಾರ ಅಪ್ಪ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಸ್ಪಾರ್ಕ್ ಪ್ಲಗ್ ಬಿಚ್ಚಲಿ. ತುದಿ ಕಪ್ಪಗೆ ಮಸಿ ಹಿಡಿದಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚು. ಬೆಳ್ಳಗಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಕಾಯುತ್ತಿದೆ. ಹದವಾದ ಕಾಫಿಯ ಬಣ್ಣವಿದ್ದರೆ ಎಲ್ಲವೂ ಸರಿ. ಪುಸ್ತಕದಲ್ಲಿ ಓದಿದ ದಹನಕ್ರಿಯೆಯ ಪಾಠ ಆಗ ಅಂಗೈಯಲ್ಲೇ ಇರುತ್ತದೆ.