ಮೊದಲು ಬಾಕಿ, ಆಮೇಲೆ ಹಾರ

ಮದೀನೆಯಿಂದ ಮಕ್ಕೆಗೆ ಹೋಗುವ ದಾರಿಯಲ್ಲಿ, ಊರು ಬಿಟ್ಟು ಐದಾರು ಮೈಲಿಗೆ, ಜುಲ್ ಹುಲೈಫಾ ಎಂಬ ಸ್ಥಳವಿದೆ. ಕ್ರಿ. ಶ. 632ರಲ್ಲಿ ಪೈಗಂಬರರು ತಮ್ಮ ಕಡೆಯ ಹಜ್ ಯಾತ್ರೆಗೆ ಇಹ್ರಾಮ್ ತೊಟ್ಟದ್ದು ಅಲ್ಲಿಯೇ. ಅಲ್ಲಿಯ ಪುರಾತನ ಮಸೀದಿಯನ್ನು 1980ರ ದಶಕದಲ್ಲಿ ವಿಸ್ತಾರವಾಗಿ ಕಟ್ಟಿದ್ದಾರೆ. ಮದೀನೆಯಿಂದ ಹೊರಟ ಯಾತ್ರಿಕರು ಅಲ್ಲಿ ಮೀಯುತ್ತಾರೆ. ಗಂಡಸರು ಹೊಲಿದ ಬಟ್ಟೆ ಕಳಚಿ, ಹೊಲಿಗೆಯಿಲ್ಲದ ಎರಡು ಬಿಳಿಯ ಅರಿವೆ ಸುತ್ತಿಕೊಳ್ಳುತ್ತಾರೆ. ಸಾವುಕಾರನಾಗಿ ಒಳಹೊಕ್ಕವನು ಹೊರಬಂದಾಗ ಹಮಾಲನ ಪಕ್ಕದಲ್ಲಿ ಗುರುತು ಸಿಗುವುದಿಲ್ಲ. ಅಲ್ಲಿಯ ಸಿದ್ಧತೆಯೆಂದರೆ ಇದು.

ನಮ್ಮ ಬೆಲ್ಲದ ಬಾಗೇವಾಡಿಯ ಕಡೆಯ ಸಿದ್ಧತೆಯೇ ಬೇರೆ. ಹೊರಡುವ ಮೊದಲೇ ಹೆಸರಿನ ಹಿಂದೆ 'ಹಾಜಿ' ಎಂದು ಬರೆದ ಫಲಕ ಏಳುತ್ತದೆ. ಹಾರ, ಶಾಲು, ಧ್ವನಿವರ್ಧಕ, ಊಟದ ಪಂಕ್ತಿ. ಇಂಥ ಒಂದು ಬೀಳ್ಕೊಡುಗೆಯಲ್ಲಿ ನಾನೂ ಹಾರ ಹಾಕಿದೆ, ಎರಡು ಮಾತೂ ಆಡಿದೆ. ಸಭೆಯ ಹಿಂದೆ ಕಬ್ಬು ಕಡಿಯುವವನೊಬ್ಬ ನಿಂತಿದ್ದ. ಆ ಯಾತ್ರಿಕರಿಂದ ಅವನಿಗೆ ಎರಡು ವಾರದ ಕೂಲಿ ಬರಬೇಕಾಗಿತ್ತೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ಆ ನಾಚಿಕೆಯೇ ಇಂದು ಇದನ್ನು ಬರೆಸುತ್ತಿದೆ.

ನನ್ನಜ್ಜ ಹೋದದ್ದು ಮುಂಬಯಿಯಿಂದ ಹಡಗಿನಲ್ಲಿ. (ಆ ಹಡಗಿನ ಯಾತ್ರೆ 1995ರಲ್ಲಿ ನಿಂತಿತು.) ಹೊರಡುವ ಮುನ್ನ ಎಮ್ಮೆ ಮಾರಿ ಅಂಗಡಿಯ ಬಾಕಿ ತೀರಿಸಿದ. ಓಣಿಯ ಮನೆಮನೆಗೂ ಹೋದ. ಬದುವಿನ ಜಗಳವಿದ್ದ ಗೌಡರ ಮನೆಗೂ ಹೋಗಿ, "ತಪ್ಪಾಗಿದ್ರ ಮಾಫ್ ಮಾಡ್ರಿ, ತಿರುಗಿ ಬರ್ತೀನೋ ಇಲ್ಲೋ" ಎಂದು ಕೈಜೋಡಿಸಿದ. ಅವನಿಗೆ ಹಾರ ಹಾಕಿದವರಿಲ್ಲ. ಅಳುತ್ತ ಬಸ್ಸಿನವರೆಗೆ ಬಂದವರು ಮಾತ್ರ ಅನೇಕರು.

"ಸಂತೋಷದ ಗಳಿಗೆ, ಹಾರ ಹಾಕಿದರೆ ಏನು ಕೆಟ್ಟಿತು?" ಎಂದು ಕೇಳುವವರಿದ್ದಾರೆ. ಹಾರದಿಂದ ಏನೂ ಕೆಡುವುದಿಲ್ಲ. ಹಾರದ ಮರೆಯಲ್ಲಿ ಬಾಕಿ ಅಡಗುತ್ತದೆ, ಅದು ಕೆಡುಕು. ದೇವರಿಗೆ ಮಾಡಿದ ತಪ್ಪನ್ನು ದೇವರು ಕ್ಷಮಿಸಿಯಾನು. ಮನುಷ್ಯನಿಗೆ ಸಲ್ಲಬೇಕಾದುದನ್ನು ಆ ಮನುಷ್ಯನೇ ಬಿಡಬೇಕು. ಇದು ನಮ್ಮ ಮೌಲವಿಗಳೆಲ್ಲ ಹೇಳುವ ಮಾತು. ಸರಕಾರ 2018ರಲ್ಲಿ ಹಜ್ ಸಹಾಯಧನ ನಿಲ್ಲಿಸಿದ ಮೇಲೆ, "ನಮ್ಮ ದುಡ್ಡಿನಲ್ಲಿ ನಾವು ಹೋಗುತ್ತೇವೆ" ಎಂದು ಎದೆ ತಟ್ಟಿಕೊಳ್ಳುತ್ತೇವೆ. ಕೂಲಿಯವನ ಬಾಕಿ ಕಿಸೆಯಲ್ಲಿರುವಾಗ ಅದರಲ್ಲಿ ನಮ್ಮದೆಷ್ಟು, ಅವನದೆಷ್ಟು?

ಈ ರೋಗ ನಮ್ಮ ಜಮಾತಿಗೊಂದಕ್ಕೇ ಅಂಟಿದ್ದಲ್ಲ. ಕಾಶಿ, ಪಂಢರಪುರಕ್ಕೆ ಹೋಗುವ ನೆರೆಯವರೂ ತಮ್ಮ ಖಾತೆ ಪುಸ್ತಕ ತೆರೆದು ನೋಡಿಕೊಳ್ಳಲಿ. ಆದರೆ ನಮ್ಮ ಅಂಗಳ ಗುಡಿಸುವುದು ನಮಗೆ ಸೇರಿದ್ದು.

ನನ್ನ ಸೂಚನೆ ಇಷ್ಟೇ. ಬೀಳ್ಕೊಡುಗೆಗೆ ಎಂಟು ದಿನ ಮೊದಲು ಮಸೀದಿಯಲ್ಲಿ ಸಾರಿ ಹೇಳಲಿ: ಇಂಥವರು ಯಾತ್ರೆಗೆ ಹೊರಟಿದ್ದಾರೆ, ಅವರಿಂದ ಬರಬೇಕಾದುದಿದ್ದವರು ಬಂದು ಕೇಳಿರಿ. ಕೇಳುವವರು ಯಾರೂ ಉಳಿಯದ ದಿನ ಹಾರ ತರೋಣ. ಜುಲ್ ಹುಲೈಫಾದಲ್ಲಿ ಬಟ್ಟೆ ಬಿಚ್ಚುವುದು ಸುಲಭ, ನೀರೂ ಇದೆ, ಮರೆಯೂ ಇದೆ. ಕೂಲಿಯವನ ಮನೆಯ ಕಟ್ಟೆಯ ಮೇಲೆ ದೊಡ್ಡಸ್ತಿಕೆ ಬಿಚ್ಚಿಡುವುದೇ ಕಠಿಣ. ಅದನ್ನು ಇಲ್ಲಿ ಮಾಡದವನು ಅಲ್ಲಿ ಬದಲಿಸುವುದು ಬಟ್ಟೆಯನ್ನಷ್ಟೇ.