ಸ್ಪೇರ್ ಸಿಗಲ್ಲ ಅಂದ್ರು, ಅಳತೆ ಸಿಕ್ತು

ಒಂದು ಶನಿವಾರ ಬೆಂಗಳೂರಿನ ಜೆ.ಸಿ. ರೋಡ್‌ನಲ್ಲಿ ಏಳು ಅಂಗಡಿ ಹತ್ತಿ ಇಳಿದೆ. ಎಲ್ಲ ಕಡೆ ಕೇಳಿದ್ದು ಒಂದೇ ಪ್ರಶ್ನೆ: "ಪದ್ಮಿನಿ ಕಾರಿಗೆ ಕಿಂಗ್‌ಪಿನ್ ಬುಶ್ ಇದೆಯಾ?" ಆರು ಕಡೆ "ಬರಲ್ಲ ಸರ್" ಅಂದ್ರು. ಏಳನೆಯವರು ಟೀ ಲೋಟ ಕೆಳಗಿಟ್ಟು, "ಗಾಡಿನೇ ರೋಡಲ್ಲಿಲ್ಲ, ಸ್ಪೇರ್ ಎಲ್ಲಿಂದ ತರೋಣ ಹೇಳಿ?" ಅಂದ್ರು.

ಗಾಡಿ ನಮ್ಮದು. 1978ರ ಪ್ರೀಮಿಯರ್ ಪದ್ಮಿನಿ. ತಾತ ಕೊಬ್ಬರಿ ವ್ಯಾಪಾರದ ದುಡ್ಡಲ್ಲಿ ಕೊಂಡದ್ದು. ತಿಪಟೂರಿನ ನಮ್ಮನೆ ಶೆಡ್ಡಲ್ಲಿ ಹನ್ನೊಂದು ವರ್ಷದಿಂದ ನಿಂತೇ ಇತ್ತು. ಪ್ರತಿ ಆಯುಧಪೂಜೆಗೆ ಅಮ್ಮ ಅದನ್ನು ತೊಳೆಸಿ, ಕುಂಕುಮ ಹಚ್ಚಿ, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಡ್ತಿದ್ರು. ಗಾಡಿ ಕದಲುತ್ತಿರಲಿಲ್ಲ. ನಿಂಬೆಹಣ್ಣು ಅಲ್ಲೇ ಒಣಗುತ್ತಿತ್ತು.

ಹೋದ ವರ್ಷ ಹಬ್ಬದ ದಿನ ಅಪ್ಪ ತಾಳ್ಮೆ ಕಳ್ಕೊಂಡ್ರು. "ಓಡದೇ ಇರೋ ಗಾಡಿಗೆ ಇನ್ನೆಷ್ಟು ವರ್ಷ ನಿಂಬೆಹಣ್ಣು ಇಡೋದು? ಮುಂದಿನ ಹಬ್ಬದೊಳಗೆ ಎಬ್ಬಿಸು. ಆಗ್ಲಿಲ್ವಾ, ಗುಜರಿಯವನು ಕೇಳ್ತಾನೇ ಅವ್ನೆ, ತೂಕಕ್ಕೆ ಹಾಕ್ಬಿಡ್ತೀನಿ."

ನಾನು ಒಪ್ಪಿಕೊಂಡೆ. ಒಂದು ವರ್ಷ ಇದೆ, ಇಂಟರ್ನೆಟ್ ಇದೆ, ಇನ್ನೇನು ಬೇಕು ಅಂದ್ಕೊಂಡಿದ್ದೆ.

ಹಾಗೆ ನೋಡಿದರೆ ಪದ್ಮಿನಿ ಅಪರೂಪದ ಕಾರೇನಲ್ಲ. ಇಟಲಿಯ ಫಿಯಟ್ 1100 ಡಿಲೈಟ್ ಕಾರನ್ನು 1964ರಿಂದ ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿತ್ತು. ಎಪ್ಪತ್ತರ ದಶಕದಲ್ಲಿ ಅದಕ್ಕೇ ಪದ್ಮಿನಿ ಅಂತ ಹೆಸರಾಯಿತು. 1089 ಸಿಸಿ ಎಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್. ಹೊಸ ಕಾರು ಬರೋದು ನಿಂತ ಮೇಲೂ ಎಷ್ಟೋ ವರ್ಷ ಸ್ಪೇರ್ ಸಿಗುತ್ತಿತ್ತು. ಅದಕ್ಕೆ ದೊಡ್ಡ ಕಾರಣ ಮುಂಬೈನ ಕಪ್ಪು-ಹಳದಿ ಟ್ಯಾಕ್ಸಿಗಳು. ದಿನಾ ಓಡೋ ಗಾಡಿಗೆ ದಿನಾ ಏನಾದರೂ ಬೇಕು. ಬೇಕು ಅನ್ನೋರಿದ್ದರೆ ಮಾಡೋರೂ ಇರ್ತಾರೆ. ಅಲ್ಲಿ ಟ್ಯಾಕ್ಸಿಗೆ 20 ವರ್ಷದ ಮಿತಿ. ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಈಗ ಕೇಳೋರು ನಮ್ಮಂಥ ಶೆಡ್ಡಿನ ಗಿರಾಕಿಗಳು ಮಾತ್ರ.

ಕಿಂಗ್‌ಪಿನ್ ಅಂದ್ರೆ ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಗೂಟ ಅಂದ್ಕೊಳ್ಳಿ. ಅದು ಕೂರೋ ಲೋಹದ ಬಳೆಯೇ ಬುಶ್. ಅದು ಸವೆದರೆ ಚಕ್ರ ಅಲ್ಲಾಡುತ್ತೆ. ಪರೀಕ್ಷೆ ಸುಲಭ. ಜಾಕ್ ಕೊಟ್ಟು ಎತ್ತಿ, ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಬೇಕು. ಆಮೇಲೆ ಇನ್ನೊಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಬೇಕು. ಅಲ್ಲಾಟ ನಿಂತರೆ ತೊಂದರೆ ಚಕ್ರದ ಬೇರಿಂಗ್‌ನಲ್ಲಿ. ಆಗಲೂ ಅಲ್ಲಾಡಿದರೆ ಅನುಮಾನ ಕಿಂಗ್‌ಪಿನ್ ಮೇಲೆ. ನಮ್ಮದು ಆಗಲೂ ಅಲ್ಲಾಡಿತು.

ಆನ್‌ಲೈನಲ್ಲಿ ಹುಡುಕಿದಾಗ ಒಂದು ಕಿಟ್ ಸಿಕ್ತು. ಕುಣಿದಾಡಿಬಿಟ್ಟೆ. ಬುಶ್ ಅಂದ್ರೆ ಪ್ರೆಸ್‌ನಲ್ಲಿ ಒತ್ತಿ ಕೂರಿಸಬೇಕಾದಷ್ಟು ಬಿಗಿ ಇರಬೇಕು. ಬಂದಿದ್ದನ್ನು ತಿಪಟೂರಿನ ನಮ್ಮ ಮೇಸ್ತ್ರಿ ಹೆಬ್ಬೆರಳಲ್ಲಿ ತಳ್ಳಿದರು, ಸಲೀಸಾಗಿ ಒಳಗೆ ಹೋಯ್ತು. ಅವರಿಗೆ ಎಪ್ಪತ್ತು ದಾಟಿದೆ, ತಾತನ ಕಾಲದಿಂದ ಈ ಗಾಡಿ ನೋಡಿದವರು. "ಅಂಗಡೀಲಿ ಕೇಳಿದ್ದು ಸಾಕು ತಮ್ಮಾ. ಇನ್ಮೇಲೆ ಲೇತಲ್ಲಿ ಕೇಳು," ಅಂದ್ರು.

ಪೀಣ್ಯದಲ್ಲಿ ಒಂದು ಸಣ್ಣ ಲೇತ್ ಶೆಡ್ ಸಿಕ್ತು. ಒಬ್ಬರೇ ಟರ್ನರ್. ನಮ್ಮ ಹಳೇ ಬುಶ್ ಕೈಗೆ ಕೊಟ್ಟು, "ಇದೇ ಥರ ನಾಲ್ಕು ಮಾಡಿಕೊಡಿ ಅಣ್ಣ" ಅಂದೆ. ಅವರು ವರ್ನಿಯರ್ ಕೂಡ ಮುಟ್ಟಲಿಲ್ಲ.

"ಸವೆದಿರೋದನ್ನ ಅಳೆದ್ರೆ ಸವೆದಿರೋದನ್ನೇ ಮಾಡ್ಕೊಡ್ತೀನಿ ಸರ್. ಅದು ಕೂರೋ ಜಾಗ ತನ್ನಿ, ಒಳಗೆ ತಿರುಗೋ ಪಿನ್ ತನ್ನಿ. ಮಧ್ಯದಲ್ಲಿ ಎಷ್ಟು ಜಾಗ ಉಳಿಯುತ್ತೋ ಅದೇ ಬುಶ್ಶು."

ಈ ಮಾತಿಂದ ನನ್ನ ಹುಡುಕಾಟದ ದಾರಿಯೇ ಬದಲಾಯ್ತು. ಅಲ್ಲಿವರೆಗೂ ನಾನು ಹೆಸರು ಹುಡುಕುತ್ತಿದ್ದೆ. ಆಫೀಸಲ್ಲಿ ಎರರ್ ಮೆಸೇಜನ್ನು ಹಾಗೇ ಕಾಪಿ ಮಾಡಿ ಸರ್ಚ್‌ಗೆ ಹಾಕೋ ಅಭ್ಯಾಸ. ಹೆಸರಿಗೆ ಉತ್ತರ ಬರದಿದ್ದರೆ ವಸ್ತುವೇ ಇಲ್ಲ ಅನ್ನೋ ತೀರ್ಮಾನ.

ಮುಂದಿನ ವಾರ ತಿಪಟೂರಿಂದ ಬಸ್ಸಲ್ಲಿ ಸ್ಟಬ್ ಆಕ್ಸಲ್‌ಗಳನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಂದೆ. ಕಂಡಕ್ಟರ್ ಎತ್ತಿ ನೋಡಿ, "ಕೊಬ್ಬರಿ ಇಷ್ಟು ಭಾರ ಇರಲ್ಲವಲ್ಲ" ಅಂತ ಲಗೇಜ್ ಟಿಕೆಟ್ ಹರಿದರು. ಟರ್ನರ್ ಮೈಕ್ರೋಮೀಟರ್ ಹಿಡಿದು ಜಾಗ ಅಳೆದು, ಗನ್‌ಮೆಟಲ್ ಸರಳಿಂದ ಬುಶ್ ಕಡೆದರು. ಇವರ ಲೆಕ್ಕವೆಲ್ಲ 'ಥೌ'ನಲ್ಲಿ, ಅಂದ್ರೆ ಇಂಚಿನ ಸಾವಿರದ ಒಂದು ಪಾಲು. ಮಿಲಿಮೀಟರ್‌ಗೆ ತಂದರೆ 0.025. ಹೊರಗಡೆ ಒಂದೆರಡು ಥೌ ಬಿಗಿ, ಗ್ರೀಸ್ ಹೋಗೋಕೆ ತೂತು, ಒಳಗೆ ಗ್ರೀಸ್ ಹರಿಯೋಕೆ ಕಾಲುವೆ. ಒತ್ತಿ ಕೂರಿಸಿದ ಮೇಲೆ ಮೇಲಿನ ಬುಶ್ ಕೆಳಗಿನ ಬುಶ್ ಎರಡಕ್ಕೂ ಒಂದೇ ರೀಮರ್ ಹಾಯಿಸಿದರು. ಬೇರೆ ಬೇರೆಯಾಗಿ ಕೊರೆದರೆ ತೂತುಗಳು ಒಂದೇ ನೇರಕ್ಕೆ ಬರಲ್ಲ, ಪಿನ್ ಬಿಗಿಯುತ್ತೆ.

ಊರಿಗೆ ಬಂದು ಸ್ಪೇರ್ ಪಟ್ಟಿ ಹರಡಿಕೊಂಡು ಕೂತೆ. ಬೇರಿಂಗ್‌ಗಳನ್ನು ಒರೆಸಿ ನೋಡಿದರೆ ಮೈಮೇಲೆ ನಂಬರ್ ಇರುತ್ತೆ. ಉದಾಹರಣೆಗೆ 6203 ಅಂತಿದ್ದರೆ ಒಳವ್ಯಾಸ 17 ಮಿ.ಮೀ., ಹೊರವ್ಯಾಸ 40, ದಪ್ಪ 12. ಯಾವ ಕಂಪನಿ ಮಾಡಲಿ, ಯಾವ ದೇಶ ಮಾಡಲಿ, ಅಳತೆ ಅದೇ. ಆಯಿಲ್ ಸೀಲ್‌ಗೂ ಮೂರೇ ಅಂಕಿ: ಒಳಗೆ, ಹೊರಗೆ, ದಪ್ಪ. ಕಾರಿನ ಹೆಸರು ಬಿಟ್ಟು ಅಂಕಿ ಹೇಳಿ ಕೇಳಿದ ದಿನ, ಪಟ್ಟಿಯಲ್ಲಿ 'ಸಿಗಲ್ಲ' ಅಂತ ಬರೆದಿದ್ದ ಅರ್ಧದಷ್ಟು ವಸ್ತು ಅದೇ ಜೆ.ಸಿ. ರೋಡಲ್ಲಿ ಸಂಜೆಯೊಳಗೆ ಸಿಕ್ತು.

ಅಲ್ಲಿವರೆಗೂ ಅಪ್ಪ ಶೆಡ್ಡಿನ ಹತ್ತಿರ ಸುಳಿಯುತ್ತಿರಲಿಲ್ಲ. ಅವರು ಬಂದಿದ್ದು ಪೆಟ್ರೋಲ್ ವಾಸನೆಗೆ. ಎಂಜಿನ್ ಚಾಲೂ ಆದರೆ ಕಾರ್ಬ್ಯುರೇಟರ್ ತುಂಬಿ ಹೊರಗೆ ಚೆಲ್ಲುತ್ತಿತ್ತು. ಬಿಚ್ಚಿ, ಒಳಗಿನ ಹಿತ್ತಾಳೆ ಫ್ಲೋಟ್ ಕೈಯಲ್ಲಿ ಹಿಡಿದು ಕೂತಿದ್ದೆ. ಪೆಟ್ರೋಲ್ ಮೇಲೆ ತೇಲುತ್ತಾ, ಸಾಕಷ್ಟು ತುಂಬಿದಾಗ ದಾರಿ ಮುಚ್ಚಿಸೋ ಟೊಳ್ಳು ಡಬ್ಬಿ ಅದು. ಅಪ್ಪ ಇಸ್ಕೊಂಡು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರು, ಅಟ್ಟದ ಮೇಲಿನ ಕಾಯಿ ಒಣಗಿ ಕೊಬ್ಬರಿ ಆಯ್ತಾ ಅಂತ ನೋಡೋ ಹಾಗೆ.

"ಒಳಗೆ ನೀರೈತೆ ಕಣೋ," ಅಂದ್ರು.

ನೀರಲ್ಲ, ಪೆಟ್ರೋಲ್. ಕಣ್ಣಿಗೆ ಕಾಣದ ತೂತಿಂದ ಒಳಗೆ ಸೇರಿ ಫ್ಲೋಟ್ ಮುಳುಗುತ್ತಿತ್ತು. ಅಂಗಳದಲ್ಲಿ, ಒಲೆಯಿಂದ ದೂರ, ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ಹಿಡಿದೆವು. ಒಳಗಿನ ಪೆಟ್ರೋಲ್ ಆವಿಯಾಗಿ ಒಂದು ಮೂಲೆಯಿಂದ ಸಾಲಾಗಿ ಗುಳ್ಳೆ ಎದ್ದವು. ತೂತು ಅಲ್ಲೇ. ಗುಳ್ಳೆ ಪೂರ್ತಿ ನಿಂತು, ಒಳಗೆ ಏನೂ ಉಳಿದಿಲ್ಲ ಅಂತ ಖಾತ್ರಿಯಾಗೋ ತನಕ ಕಾದೆವು. ಅಪ್ಪನ ಗೆಳೆಯರ ರೇಡಿಯೋ ರಿಪೇರಿ ಅಂಗಡಿಯಲ್ಲಿ ಒಂದು ಚುಕ್ಕೆ ಸೀಸದ ಬೆಸುಗೆ ಹಾಕಿಸಿದೆವು. ಬೆಸುಗೆ ಜಾಸ್ತಿಯಾದರೆ ಫ್ಲೋಟ್ ಭಾರವಾಗಿ ಮತ್ತೆ ಪೆಟ್ರೋಲ್ ಮಟ್ಟ ಏರುತ್ತೆ. ಅದಕ್ಕೇ ಅಪ್ಪ ಮೊದಲೊಮ್ಮೆ, ಆಮೇಲೊಮ್ಮೆ ಚಿನ್ನದಂಗಡಿ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದ್ರು. ಖರ್ಚು ಎರಡು ಟೀ.

ನನ್ನ ಜಾಣತನದ ಕಥೆಯೂ ಒಂದಿದೆ. ಗ್ಲಾಸ್ ಇಳಿಸೋ ಹ್ಯಾಂಡಲ್‌ನ ಗುಂಡಿ ಸಿಗಲಿಲ್ಲ ಅಂತ ಅಳೆದು, ಡ್ರಾಯಿಂಗ್ ಮಾಡಿ, 3ಡಿ ಪ್ರಿಂಟ್ ಹಾಕಿಸಿದೆ. ಪಿಎಲ್ಎ ಅನ್ನೋ ಪ್ಲಾಸ್ಟಿಕ್. ಸುಮಾರು 60 ಡಿಗ್ರಿಗೇ ಅದು ಮೆತ್ತಗಾಗುತ್ತೆ. ಏಪ್ರಿಲ್ ಬಿಸಿಲಲ್ಲಿ ಗ್ಲಾಸ್ ಏರಿಸಿ ನಿಲ್ಲಿಸಿದ್ದ ಕಾರಿನ ಬಾಗಿಲು ಸಂಜೆ ತೆಗೆದರೆ, ಗುಂಡಿ ಬಾಡಿದ ಬದನೆಕಾಯಿ ಥರ ಜೋತುಬಿದ್ದಿತ್ತು. ಅಳತೆ ಸರಿಯಿದ್ದರೆ ಸಾಲದು, ಯಾವುದರಿಂದ ಮಾಡಿದ್ದು ಅನ್ನೋದೂ ಅಷ್ಟೇ ಮುಖ್ಯ. ಬಿಸಿ ತಡೆಯೋ ಎಬಿಎಸ್‌ನಲ್ಲಿ ಮತ್ತೆ ಮಾಡಿಸಿದೆ.

ಈ ಪಾಠ ಗುಂಡಿಗೇ ಮುಗಿದಿದ್ದರೆ ಚೆನ್ನಾಗಿತ್ತು.

ಹಬ್ಬಕ್ಕೆ ಐದು ವಾರ ಇದ್ದಾಗ ಗುಜರಿ ಬೀದಿಯೊಂದರಲ್ಲಿ ಬ್ರೇಕ್ ಸಿಲಿಂಡರ್‌ನ ರಬ್ಬರ್ ಕಿಟ್ ಸಿಕ್ತು. ಆ ಕಾಲದ ಒರಿಜಿನಲ್, ಸೀಲ್ ಒಡೆಯದ ಪ್ಯಾಕೆಟ್. ಫೋಟೋ ತೆಗೆದು ಸ್ಟೇಟಸ್‌ಗೂ ಹಾಕಿದೆ. ಮೇಸ್ತ್ರಿಗೆ ಹುಷಾರಿರಲಿಲ್ಲ, ನಾನೇ ಹಾಕಿದೆ. ಭಾನುವಾರ ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋಟದ ದಾರಿಯಲ್ಲಿ ಟ್ರಯಲ್ ಹೊರಟೆ.

ಮೊದಲ ಎರಡು ಸಲ ಬ್ರೇಕ್ ಹಿಡಿಯಿತು. ಇಳಿಜಾರಲ್ಲಿ ಮೂರನೇ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಯ್ತು. ಏನೂ ಇಲ್ಲ. ಈ ಕಾರಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಎಣ್ಣೆಯ ದಾರಿ ಒಂದೇ. ಒಂದು ಕಡೆ ಸೋರಿದರೆ ನಾಲ್ಕೂ ಕೈಕೊಟ್ಟ ಹಾಗೆ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ಎಳೆದೆ. ಅದಕ್ಕೆ ಎಣ್ಣೆ ಬೇಕಿಲ್ಲ, ಕೇಬಲ್ಲಿನದು. ತೋಟದ ಗೇಟಿನ ಕಲ್ಲುಕಂಬ ಒಂದು ಮಾರು ದೂರ ಇರುವಾಗ ಗಾಡಿ ನಿಂತಿತು. ಅಪ್ಪನ ಎರಡೂ ಕೈ ಡ್ಯಾಶ್‌ಬೋರ್ಡ್ ಮೇಲಿದ್ದವು. ಈ ಜಾಗದಲ್ಲಿ ಬಿ.ಎಚ್. ರೋಡ್ ಇದ್ದಿದ್ದರೆ ಅಂತ ಯೋಚಿಸೋಕೂ ಧೈರ್ಯ ಆಗಲಿಲ್ಲ.

ಮರುದಿನ ಮೇಸ್ತ್ರಿ ಬಂದು ಸಿಲಿಂಡರ್ ಬಿಚ್ಚಿದರು. ನನ್ನ ಒರಿಜಿನಲ್ ರಬ್ಬರ್ ಅಂಚಲ್ಲಿ ಬಿರುಕು ಬಿಟ್ಟಿತ್ತು. ಎಷ್ಟೋ ವರ್ಷ ಪ್ಯಾಕೆಟ್ಟಲ್ಲೇ ಕೂತು ಗಟ್ಟಿಯಾಗಿದ್ದ ರಬ್ಬರ್. ಬೈತಾರೆ ಅಂದ್ಕೊಂಡೆ. ಬಟ್ಟೆಯಲ್ಲಿ ಕೈ ಒರೆಸ್ಕೊಂಡು ಇಷ್ಟೇ ಹೇಳಿದರು: "ಕಬ್ಬಿಣ ಹಳೇದಿರ್ಲಿ ತಮ್ಮಾ, ರಬ್ಬರ್ ಹೊಸದಿರ್ಲಿ."

ಅವತ್ತು ರಾತ್ರಿ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಗಾಡಿ ಗುಜರಿಗೇ ಅಂತ ನಾನೂ ಮನಸ್ಸು ಗಟ್ಟಿ ಮಾಡ್ಕೊಂಡೆ. ಬೆಳಗ್ಗೆ ಕಾಫಿ ಕುಡೀತಾ ಅವರು ಕೇಳಿದ್ದು, "ಆ ಸಿಲಿಂಡರ್ ಒಳವ್ಯಾಸ ಎಷ್ಟು ಬರ್ಕೊಂಡಿದೀಯಾ?"

ನಾಲ್ಕೂ ಚಕ್ರದ ಸಿಲಿಂಡರ್ ಬಿಚ್ಚಿ ಅಳೆದೆವು. ತುಕ್ಕು ತಿಂದು ಒಳಗೋಡೆ ಗುಳಿಬಿದ್ದಿದ್ದ ಎರಡಕ್ಕೆ ಬೆಂಗಳೂರಲ್ಲಿ ಸ್ಟೀಲ್ ಸ್ಲೀವ್ ಹಾಕಿಸಿದೆವು. ಅಂದ್ರೆ ತೂತು ದೊಡ್ಡದು ಮಾಡಿ ಹೊಸ ಕೊಳವೆ ಕೂರಿಸಿ, ಮತ್ತೆ ಮೊದಲಿನ ಅಳತೆಗೇ ತರೋದು. ಆ ಅಳತೆಗೆ ಸರಿಹೊಂದೋ ಹೊಸ ರಬ್ಬರ್ ಕಪ್, ಹೊಸ ಹೋಸ್, ಹೊಸ ಬ್ರೇಕ್ ಆಯಿಲ್. ಜೋಡಿಸಿದ್ದು ಮೇಸ್ತ್ರಿ. ನಾನು ಸ್ಪ್ಯಾನರ್ ಕೊಟ್ಟೆ, ಅಷ್ಟೇ. ಪೆಟ್ರೋಲ್ ಪೈಪು ಮತ್ತು ಪಂಪಿನ ಡಯಾಫ್ರಂ ಕೂಡ ಬದಲಾಯಿಸಿದೆವು. ಈಗ ಬಂಕಲ್ಲಿ ಬರೋದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೇ ಕಾಲದ ರಬ್ಬರ್‌ಗೆ ಅದು ಒಗ್ಗಲ್ಲ, ವೈಟಾನ್ ಥರದ್ದೇ ಬೇಕು.

ಹಬ್ಬಕ್ಕೆ ಮುಂಚೆ ಪೀಣ್ಯದ ಟರ್ನರ್‌ಗೆ ಸ್ವೀಟ್ ಕೊಡೋಕೆ ಹೋದೆ. ಶೆಡ್ಡಿನ ಬಾಡಿಗೆ ಏರಿದೆ, ಇನ್ನೆರಡು ವರ್ಷ ನಡೆಸಿದರೆ ಹೆಚ್ಚು ಅಂದ್ರು. ಮಗ ಬೇರೆ ಕೆಲಸದಲ್ಲಿದ್ದಾನೆ, ಲೇತ್ ಬೇಡವಂತೆ. "ಅಳತೆಯೆಲ್ಲ ನನ್ನ ತಲೇಲೇ ಇದೆ ಸರ್," ಅಂದ್ರು. ಹೆಮ್ಮೆಯಿಂದ ಹೇಳಿದ್ದು. ನನಗೆ ಮಾತ್ರ ಹೊಟ್ಟೆಯಲ್ಲಿ ಏನೋ ಆಯ್ತು. ಸ್ಪೇರ್ ನಿಜವಾಗಿ ಮುಗಿದುಹೋಗೋದು ಅಂಗಡಿ ಖಾಲಿಯಾದಾಗ ಅಲ್ಲ, ಇಂಥ ಶೆಡ್ಡಿನ ಬಾಗಿಲು ಮುಚ್ಚಿದಾಗ.

ಆ ಮಧ್ಯಾಹ್ನ ಅಲ್ಲೇ ಕೂತು ಬುಶ್‌ನ ಡ್ರಾಯಿಂಗ್ ಮಾಡಿದೆ. ಲೋಹ ಯಾವುದು, ಎಷ್ಟು ಥೌ ಬಿಗಿ, ಗ್ರೀಸ್ ತೂತು ಎಲ್ಲಿ, ರೀಮರ್ ಯಾವಾಗ, ಎಲ್ಲ ಅವರು ಹೇಳಿದ ಹಾಗೇ ಬರೆದೆ. ಎರಡು ಕಡೆ ತಿದ್ದಿದರು. ಒಂದು ಪ್ರತಿ ಅವರ ಗೋಡೆ ಮೇಲಿದೆ. ಹೋದ ತಿಂಗಳು ಮೈಸೂರಿನ ಪದ್ಮಿನಿಯೊಂದಕ್ಕೆ ಅದನ್ನೇ ನೋಡಿ ನಾಲ್ಕು ಬುಶ್ ಮಾಡಿಕೊಟ್ಟರಂತೆ. ನಮ್ಮನೆಯಲ್ಲೂ ಈಗ ಒಂದು ನೋಟ್‌ಬುಕ್ ಇದೆ. ಬಿಚ್ಚಿದ ಪ್ರತಿ ವಸ್ತುವಿಗೆ ಒಂದು ಪುಟ: ಸ್ಕೇಲ್ ಪಕ್ಕ ಇಟ್ಟು ತೆಗೆದ ಫೋಟೋ, ಅಳತೆ, ಮೈಮೇಲಿನ ನಂಬರ್, ಯಾವುದರಿಂದ ಮಾಡಿದ್ದು, ಯಾರು ಮಾಡಿದ್ದು. ಅರ್ಧ ಪುಟಗಳಲ್ಲಿ ಅಪ್ಪನ ಅಕ್ಷರ. ನಿಮ್ಮನೆ ಶೆಡ್ಡಲ್ಲೂ ಒಂದು ಹಳೇ ಗಾಡಿ ಇದ್ದರೆ, ಸ್ಪೇರ್ ಹುಡುಕೋ ಮೊದಲು ಇಂಥದ್ದೊಂದು ನೋಟ್‌ಬುಕ್ ಕೊಳ್ಳಿ.

ಆಯುಧಪೂಜೆ ದಿನ ಅಮ್ಮ ಎಂದಿನ ಹಾಗೆ ನಾಲ್ಕು ನಿಂಬೆಹಣ್ಣು ಇಟ್ಟರು. ಸ್ಟಿಯರಿಂಗ್ ಹಿಡಿದಿದ್ದು ಅಪ್ಪ. ಹೊರಡೋ ಮೊದಲು ಮೂರು ಸಲ ಬ್ರೇಕ್ ಒತ್ತಿ ನೋಡಿದರು. ಆಮೇಲೆ ಗೇರ್ ಹಾಕಿದರು. ನಾಲ್ಕೂ ಪಚಕ್ ಅಂದವು.

ಡಿಕ್ಕಿಯ ಲಾಕ್ ಮಾತ್ರ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿದ್ದೇವೆ. ಯಾರ ಹತ್ತಿರವಾದರೂ ಇದ್ದರೆ ಹೇಳಿ. ಅಳತೆ ನನ್ನ ಹತ್ತಿರ ಇದೆ.