ಲಾಜಮಾನುವಿನ ಮಕ್ಕಳು ಯಾವ ಭಾಷೆ ಕೆಡಿಸಿದರು?

ಆಸ್ಟ್ರೇಲಿಯಾ ಅಂದ ಕೂಡಲೇ ನಮಗೆ ನೆನಪಾಗೋದು ಕ್ರಿಕೆಟ್, ಕಾಂಗರೂ, ಮತ್ತೆ ಎಂ.ಎಸ್. ಮಾಡೋಕೆ ಹೋದ ಸೀನಿಯರ್‌ಗಳು. ಅಲ್ಲಿರೋದು ಇಂಗ್ಲಿಷ್ ಒಂದೇ ಅಂತ ನಮ್ಮಲ್ಲಿ ಬಹಳ ಜನ ನಂಬಿದ್ದೇವೆ. 1788ರಲ್ಲಿ ಬ್ರಿಟಿಷರು ಬಂದು ನೆಲೆಯೂರುವಾಗ ಆ ಖಂಡದಲ್ಲಿ 250ಕ್ಕೂ ಹೆಚ್ಚು ಭಾಷೆಗಳಿದ್ದವು. ಇವತ್ತು ಮಕ್ಕಳು ಮನೆಯಲ್ಲೇ ಕಲಿತು ಬೆಳೆಯುತ್ತಿರುವ ಹಳೆಯ ಭಾಷೆಗಳು ಹನ್ನೆರಡರ ಆಸುಪಾಸು ಅಷ್ಟೇ. ಆ ಕೆಲವೇ ಊರುಗಳ ಆದಿವಾಸಿ ಮಕ್ಕಳು ಭಾಷೆಯನ್ನು ಹೇಗೆ ಕಲಿಯುತ್ತಾರೆ ಅಂತ ಓದುತ್ತಾ ಹೋದ ಹಾಗೆ, ಶಾಲೆಗಳು ಅವರನ್ನು ಅಳೆಯುವ ರೀತಿಯ ಬಗ್ಗೆ ನಮಗೆ ತಕರಾರು ಹುಟ್ಟಿತು.

ಮೊದಲು ಉತ್ತರ ಕರಾವಳಿಯ ಒಂದು ದ್ವೀಪದ ಊರು, ವರುವಿ. ಅಲ್ಲಿರುವುದು ಐನೂರರೊಳಗಿನ ಜನ. ಕೇಳಿಬರುವ ಆದಿವಾಸಿ ಭಾಷೆಗಳು ಎಂಟೊಂಬತ್ತು. ಗಂಡ ಮೌಂಗ್ ಭಾಷೆಯಲ್ಲಿ ಕೇಳಿದರೆ ಹೆಂಡತಿ ಯೋಲ್ಙು ಭಾಷೆಯಲ್ಲಿ ಉತ್ತರ ಕೊಡಬಹುದು. ಇಬ್ಬರಿಗೂ ಪೂರ್ತಿ ಅರ್ಥವಾಗುತ್ತೆ, ಯಾರೂ ಭಾಷೆ ಬದಲಿಸೋದಿಲ್ಲ. ಅವರ ಲೆಕ್ಕದಲ್ಲಿ ಭಾಷೆ ನೆಲಕ್ಕೆ ಸೇರಿದ್ದು, ಆ ನೆಲದ ಕುಲಕ್ಕೆ ಸೇರಿದ್ದು. ಅರ್ಥ ಮಾಡಿಕೊಳ್ಳೋಕೆ ಯಾರ ಅಪ್ಪಣೆಯೂ ಬೇಡ. ಆಡೋದು ಮಾತ್ರ ಹಕ್ಕಿನ ವಿಷಯ. ಹಾಗಾಗಿ ಅಲ್ಲಿನ ಮಗು ಅಪ್ಪನದು, ಅಮ್ಮನದು, ಅಜ್ಜಿಯದು ಅಂತ ಮೂರ್ನಾಲ್ಕು ಭಾಷೆಗಳನ್ನು ಕೇಳುತ್ತಾ ಬೆಳೆಯುತ್ತೆ, ಜೊತೆಗೆ ಇವುಗಳಲ್ಲಿ ನನ್ನದು ಯಾವುದು ಅನ್ನೋದನ್ನೂ ಕಲಿಯುತ್ತೆ. ಪ್ಲೇಸ್‌ಮೆಂಟ್‌ಗೆ ಅಂತ ನಾವು ಬರೆಯುವ ರೆಸ್ಯೂಮೆಯಲ್ಲಿ 'ಗೊತ್ತಿರುವ ಭಾಷೆಗಳು' ಅಂತ ಒಂದು ಸಾಲಿರುತ್ತಲ್ಲ, ಅದನ್ನು ವರುವಿಯವರು ಹೇಗೆ ತುಂಬಬೇಕು ಹೇಳಿ?

ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಮರುಭೂಮಿಯಂಚಿನ ಲಾಜಮಾನು. ಅಲ್ಲಿನವರು ವಾರ್ಲ್‌ಪಿರಿ ಜನ. 1940ರ ದಶಕದ ಕೊನೆಯಲ್ಲಿ ಸರ್ಕಾರ ಅವರನ್ನು ತಮ್ಮ ನೆಲದಿಂದ ಎತ್ತಿ, ನೂರಾರು ಕಿಲೋಮೀಟರ್ ಉತ್ತರಕ್ಕೆ, ಬೇರೆಯವರ ನೆಲಕ್ಕೆ ತಂದು ಬಿಟ್ಟಿತು. ಕೆಲವರು ನಡೆದೇ ವಾಪಸ್ ಹೋದರು. ಉಳಿದವರ ಮಾತಿಗೆ ದನದ ಫಾರ್ಮುಗಳಲ್ಲಿ ಹುಟ್ಟಿ ಬೆಳೆದ ಕ್ರಿಯೋಲ್ ಮತ್ತು ಇಂಗ್ಲಿಷ್ ಸೇರಿಕೊಂಡವು. 1970-80ರ ದಶಕಗಳಲ್ಲಿ ದೊಡ್ಡವರು ಎಳೆ ಮಕ್ಕಳ ಜೊತೆ ಮಾತಾಡುವಾಗ ವಾರ್ಲ್‌ಪಿರಿಯ ನಡುವೆ ಇಂಗ್ಲಿಷ್, ಕ್ರಿಯೋಲ್ ತುಣುಕುಗಳನ್ನು ಸೇರಿಸುತ್ತಿದ್ದರು. ದೊಡ್ಡವರಿಗೆ ಅದು ಮುದ್ದುಮಾತು. ಮಕ್ಕಳು ಮಾತ್ರ ಅದನ್ನು ಒಂದೇ ಭಾಷೆ ಅಂತ ತಗೊಂಡು, ಅದಕ್ಕೊಂದು ವ್ಯಾಕರಣ ಕಟ್ಟಿಬಿಟ್ಟರು!

ಭಾಷಾವಿಜ್ಞಾನಿ ಕಾರ್ಮೆಲ್ ಓ'ಶಾನೆಸಿ ಅದಕ್ಕೆ 'ಲೈಟ್ ವಾರ್ಲ್‌ಪಿರಿ' ಅಂತ ಹೆಸರಿಟ್ಟು ವರ್ಷಗಟ್ಟಲೆ ದಾಖಲಿಸಿದ್ದಾರೆ. ನಾಮಪದಕ್ಕೆ ವಾರ್ಲ್‌ಪಿರಿಯ ವಿಭಕ್ತಿ, ಕ್ರಿಯಾಪದ ಹೆಚ್ಚಾಗಿ ಇಂಗ್ಲಿಷ್-ಕ್ರಿಯೋಲ್‌ನದು. ಇಷ್ಟೇ ಆಗಿದ್ದರೆ ಬೆರಕೆ ಅಂತ ಬಿಟ್ಟುಬಿಡಬಹುದಿತ್ತು. ಆದರೆ 'ಯುಮ್', 'ವಿಮ್' ಅನ್ನುವ ರೂಪಗಳನ್ನು ನೋಡಿ: ಸರ್ವನಾಮಕ್ಕೆ ಒಂದು 'ಮ್' ಸೇರಿಸಿ, ಭವಿಷ್ಯವಲ್ಲದ ಕಾಲ, ಅಂದರೆ ಭೂತ-ವರ್ತಮಾನ ಎರಡನ್ನೂ ಅದರಲ್ಲೇ ಹೇಳುತ್ತಾರೆ. ಈ ಏರ್ಪಾಡು ಇಂಗ್ಲಿಷಿನಲ್ಲಿಲ್ಲ, ಕ್ರಿಯೋಲ್‌ನಲ್ಲಿಲ್ಲ, ವಾರ್ಲ್‌ಪಿರಿಯಲ್ಲೂ ಇಲ್ಲ. ಇದನ್ನು ಕಟ್ಟಿದ್ದು ಆ ಪೀಳಿಗೆಯ ಮಕ್ಕಳು.

'ಲ್ಯಾಬಲ್ಲಿ ರೆಕಾರ್ಡ್ ಸಬ್‌ಮಿಟ್ ಮಾಡ್ದೆ' ಅನ್ನುವ ನಮಗೆ ಇದು ತೀರಾ ಹೊಸದಲ್ಲ ಅನ್ನಿಸಬಹುದು. ವ್ಯತ್ಯಾಸ ಇದೆ. ನಾವು ಎರವಲು ಪದಕ್ಕೆ 'ಮಾಡು' ಅಂಟಿಸಿ ಕನ್ನಡದ ವ್ಯಾಕರಣದೊಳಗೇ ಇರುತ್ತೇವೆ. ಅವರು ಹೊಸ ಮನೆಯನ್ನೇ ಕಟ್ಟಿದರು. (ಅಂದಹಾಗೆ ವಾರ್ಲ್‌ಪಿರಿಯಲ್ಲಿ ನಮ್ಮ ಣ, ಳ ತರಹದ ಧ್ವನಿಗಳಿವೆ. ಚತುರ್ಥಿ ಪ್ರತ್ಯಯ 'ಕು'. ನಮ್ಮ 'ಗೆ, ಕ್ಕೆ' ನೆನಪಾಗುತ್ತೆ. ಇಷ್ಟಕ್ಕೇ ನೆಂಟಸ್ತಿಕೆ ಕಟ್ಟಿ ಫಾರ್ವರ್ಡ್ ಮಾಡಬೇಡಿ ಮತ್ತೆ.)

ಆ ಮಕ್ಕಳು ವಾರ್ಲ್‌ಪಿರಿಯನ್ನು ಬಿಟ್ಟಿಲ್ಲ. ಹುಟ್ಟಿದಾಗಿನಿಂದ ಎರಡನ್ನೂ ಕೇಳುತ್ತಾರೆ, ಮೊದಲು ಲೈಟ್ ವಾರ್ಲ್‌ಪಿರಿ ಆಡುತ್ತಾರೆ, ನಾಲ್ಕರಿಂದ ಆರು ವರ್ಷದ ಹೊತ್ತಿಗೆ ವಾರ್ಲ್‌ಪಿರಿಯನ್ನೂ ಆಡತೊಡಗುತ್ತಾರೆ. ಇದರ ಮೇಲೆ ಕೈಸನ್ನೆಯ ಭಾಷೆ ಬೇರೆ. ಗಂಡ ತೀರಿಕೊಂಡ ಹೆಂಗಸರು ಶೋಕದ ಅವಧಿಯಲ್ಲಿ ಬಾಯಿಬಿಟ್ಟು ಮಾತಾಡದೆ ಸನ್ನೆಯಲ್ಲೇ ಎಲ್ಲವನ್ನೂ ಹೇಳುವ ಸಂಪ್ರದಾಯ ವಾರ್ಲ್‌ಪಿರಿಯವರಲ್ಲಿದೆ.

ಇಂಥ ಮಗು ಶಾಲೆಗೆ ಹೋಗುತ್ತೆ. ಹೊರಗಿನಿಂದ ಬಂದ ಟೀಚರ್ ಕಿವಿಗೆ ಬೀಳೋದು ಅದರ ಮಾತಿನಲ್ಲಿರುವ ಇಂಗ್ಲಿಷ್ ಪದಗಳು ಮಾತ್ರ. ಇದು ಹರಕು ಇಂಗ್ಲಿಷ್, ತಿದ್ದಿದರೆ ಸರಿಹೋಗುತ್ತೆ ಅಂತ ಅವರು ತೀರ್ಮಾನಿಸಿಬಿಡುತ್ತಾರೆ. ಅಂದರೆ ಮಗುವಿಗೆ ಇಂಗ್ಲಿಷ್ ಇನ್ನೂ ಬರೋದೇ ಇಲ್ಲ, ಹೊಸ ಭಾಷೆ ಅಂತ ಅ ಆ ಇ ಈಯಿಂದ ಹೇಳಿಕೊಡಬೇಕು ಅನ್ನೋದೇ ಹೊಳೆಯೋದಿಲ್ಲ. ಮಗು ಸುಮ್ಮನೆ ಕೂರುತ್ತೆ, ದಡ್ಡ ಅನ್ನಿಸಿಕೊಳ್ಳುತ್ತೆ. ಕಂಪೈಲರ್ ಬೇರೆ ಭಾಷೆಯದು ಹಾಕಿ, ಕೋಡ್ ಬರೆದವನನ್ನು ಬೈದ ಹಾಗೆ.

ನಾರ್ದರ್ನ್ ಟೆರಿಟರಿಯಲ್ಲಿ ದ್ವಿಭಾಷಾ ಶಾಲೆಗಳು ಶುರುವಾಗಿದ್ದು 1973ರಲ್ಲಿ. ಮನೆಮಾತಿನಲ್ಲಿ ಓದು-ಬರಹ ಮೊದಲು, ಇಂಗ್ಲಿಷ್ ಜೊತೆಜೊತೆಗೆ. 2008ರಲ್ಲಿ ಇಡೀ ದೇಶಕ್ಕೆ ಒಂದೇ ಪರೀಕ್ಷೆ, ನ್ಯಾಪ್ಲಾನ್, ಬಂತು; ಅದೂ ಇಂಗ್ಲಿಷಿನಲ್ಲಿ. ದೂರದ ಆದಿವಾಸಿ ಊರುಗಳ ಅಂಕಗಳು ನೆಲಕಚ್ಚಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ, ಪ್ರತಿದಿನ ಶಾಲೆಯ ಮೊದಲ ನಾಲ್ಕು ಗಂಟೆ ಇಂಗ್ಲಿಷಿನಲ್ಲೇ ನಡೀಬೇಕು ಅಂತ ಹೇಳಿತು. ಉಳಿಯೋದು ಮಧ್ಯಾಹ್ನ, ಮರುಭೂಮಿಯ ಬಿಸಿಲಲ್ಲಿ ಬಳಲಿದ ಮಕ್ಕಳು. ಕೆಲವು ವರ್ಷದ ಮೇಲೆ ಆ ನಿಯಮ ಸಡಿಲವಾಯಿತು ನಿಜ, ಆದರೆ ಅಷ್ಟರಲ್ಲಿ ಮುರಿದದ್ದನ್ನು ಮತ್ತೆ ಕಟ್ಟೋದು ಸುಲಭವಲ್ಲ. ಆ ತಂದೆತಾಯಿಗಳಿಗೆ ಇಂಗ್ಲಿಷ್ ಬೇಡ ಅಂತಿಲ್ಲ. ಆಸ್ಪತ್ರೆಗೆ, ಕೋರ್ಟಿಗೆ, ಕೆಲಸಕ್ಕೆ ಅದು ಬೇಕೇ ಬೇಕು. ಗೊತ್ತಿರುವ ಭಾಷೆಯಲ್ಲಿ ಅಕ್ಷರ ಕಲಿತ ಮಗು ಗೊತ್ತಿಲ್ಲದ ಭಾಷೆಗೆ ದಾಟುತ್ತೆ ಅನ್ನೋ ಸರಳ ದಾರಿಯನ್ನು ಮುಚ್ಚಿ, ನೇರ ನೀರಿಗೆ ತಳ್ಳಿದರು ಅನ್ನೋದು ನಮ್ಮ ಆಕ್ಷೇಪ.

ಬೆರಕೆಯಿಂದ ಹಳೆಯ ಭಾಷೆ ಸಾಯುತ್ತೆ ಅನ್ನುವವರಿಗೂ ಆಧಾರ ಇದೆ. ಹತ್ತಿರದ ಕಲ್ಕರಿಂಜಿಯ ಗುರಿಂಜಿ ಜನ 1966ರಲ್ಲಿ ವೇವ್ ಹಿಲ್ ದನದ ಫಾರ್ಮ್ ಬಿಟ್ಟು ಹೊರನಡೆದು, ನೆಲದ ಹಕ್ಕಿಗೆ ವರ್ಷಗಟ್ಟಲೆ ಹೋರಾಡಿದವರು. ಅಲ್ಲಿನ ಮಕ್ಕಳ ದಿನನಿತ್ಯದ ಮಾತು ಈಗ ಗುರಿಂಜಿ ಕ್ರಿಯೋಲ್. ಹಳೆಯ ಗುರಿಂಜಿ ಅಜ್ಜ-ಅಜ್ಜಿಯರ ಬಾಯಲ್ಲೇ ಹೆಚ್ಚು. ಆದರೂ ನಮಗೆ ಕಾಣೋದು ಬೇರೆ: ಸುತ್ತಲ ಭಾಷೆಗಳು ಪೂರ್ತಿ ಇಂಗ್ಲಿಷಿಗೋ ಕ್ರಿಯೋಲ್‌ಗೋ ಜಾರಿದ ಕಾಲದಲ್ಲಿ ಗುರಿಂಜಿಯ ವಿಭಕ್ತಿಗಳು, ಬಹಳಷ್ಟು ಪದಗಳು ಉಳಿದದ್ದು ಆ ಬೆರಕೆಯೊಳಗೇ.

ಲಾಜಮಾನುವಿನಲ್ಲಿ ಎರಡೂ ಉಳಿದಿರೋದಕ್ಕೆ ಶಾಲೆಯಲ್ಲಿ ವಾರ್ಲ್‌ಪಿರಿಗೆ ಸಿಕ್ಕ ಜಾಗವೂ ಒಂದು ಕಾರಣ ಅಂತ ನಾವು ನಂಬುತ್ತೇವೆ. 2005ರಲ್ಲಿ ವಾರ್ಲ್‌ಪಿರಿಯವರು ತಮ್ಮ ನೆಲದ ಚಿನ್ನದ ಗಣಿಯಿಂದ ಬರುವ ರಾಯಲ್ಟಿಯಲ್ಲಿ ಒಂದು ಶಿಕ್ಷಣ ನಿಧಿ ಕಟ್ಟಿದರು. ಲಾಜಮಾನು, ಯುಂಡುಮು, ವಿಲೋರಾ, ನಿರ್ಪಿ, ಈ ನಾಲ್ಕು ಊರುಗಳ ಶಾಲೆಗಳಲ್ಲಿ ವಾರ್ಲ್‌ಪಿರಿ ಕಲಿಸೋಕೆ, ಊರಿನ ಹಿರಿಯರನ್ನು ತರಗತಿಗೆ ಕರೆಸೋಕೆ, ಮಕ್ಕಳನ್ನು ಅಜ್ಜ-ಅಜ್ಜಿಯರ ನೆಲಕ್ಕೆ ಕರೆದುಕೊಂಡು ಹೋಗೋಕೆ ಆ ದುಡ್ಡು ಹೋಗುತ್ತೆ. ಸರ್ಕಾರದ ಪಠ್ಯಕ್ರಮ ಬದಲಾದರೂ ಅದು ಅವರ ಸ್ವಂತ ದುಡ್ಡು.